ತೊಂಬತ್ತೊಂಬತ್ತು ತುಂಬಿದ ಅಮ್ಮ

ತಾನು ಮಾಡಿದ ಕೆಲಸ ತನ್ನ ಕಾಲದ ನಂತರವೂ ಉಳಿಯಬೇಕೆಂಬ ಆಸೆ ಯಾರಿಗಿಲ್ಲ? ನನಗೂ ಇತ್ತು. ಅದು ಈಡೇರಿದ್ದೇ ನನ್ನ ದುಃಖ.

ನಲವತ್ತೈದು ವರ್ಷಗಳ ಹಿಂದೆ ಉಡುಪಿಯ ಒಂದು ಆಸ್ಪತ್ರೆಯಲ್ಲಿ ನಾನು ಪ್ರೋಗ್ರಾಂ ಬರೆಯುವವನಾಗಿದ್ದೆ. ನಾಲ್ಕು ಕಪಾಟಿನಷ್ಟು ದೊಡ್ಡ ಕಂಪ್ಯೂಟರ್. ಅದಕ್ಕೆ ತೂತು ಕೊರೆದ ರಟ್ಟಿನ ಕಾರ್ಡುಗಳನ್ನು ಉಣಿಸಬೇಕು. ಒಂದು ಕಾರ್ಡಿನಲ್ಲಿ ಎಂಬತ್ತೇ ಅಕ್ಷರಕ್ಕೆ ಜಾಗ. ರೋಗಿ ತೀರಿಕೊಂಡರೆ ಅದನ್ನು ನಮೂದಿಸಲು ಜಾಗವೇ ಉಳಿದಿರಲಿಲ್ಲ. ನಾನು ಜಾಣ. ವಯಸ್ಸು ತೊಂಬತ್ತೊಂಬತ್ತು ಎಂದಿದ್ದರೆ ಆ ರೋಗಿ ಸತ್ತಿದ್ದಾರೆಂದು ತಿಳಿಯತಕ್ಕದ್ದು ಎಂದು ಒಂದು ಸಾಲು ಸೇರಿಸಿದೆ. ನಮ್ಮ ಕಡೆ ಅಷ್ಟು ವರ್ಷ ಯಾರು ಬದುಕುತ್ತಾರೆ? ಮೇಲಧಿಕಾರಿ ಬೆನ್ನು ತಟ್ಟಿ ಗೋಳಿಬಜೆ ತಿನ್ನಿಸಿದರು.

ಮುಂದೆ ಎಂಥ ಹೊಸ ಯಂತ್ರ ತಂದರೂ ಹಳೆಯ ಪ್ರೋಗ್ರಾಂ ಇದ್ದ ಹಾಗೆಯೇ ಓಡುತ್ತದೆ ಎಂದು ಆ ಕಂಪ್ಯೂಟರ್ ಕಂಪನಿಯವರು ಮಾತು ಕೊಟ್ಟಿದ್ದರು. ಪುಣ್ಯಾತ್ಮರು, ಮಾತಿಗೆ ತಪ್ಪಲಿಲ್ಲ. ಯಂತ್ರಗಳು ಬದಲಾದವು, ನಾನು ನಿವೃತ್ತನಾದೆ, ಮೂರು ಹಲ್ಲು ಕಟ್ಟಿಸಿಕೊಂಡೆ. ಆ ಸಾಲಿಗೆ ಮಾತ್ರ ಏನೂ ಆಗಲಿಲ್ಲ.

ಇನ್ನಂಜೆಯ ನಮ್ಮ ಮನೆಯಲ್ಲಿ ಅಮ್ಮನಿಗೆ ಕ್ಯಾನ್ಸರ್. ಪ್ರತಿ ಮಂಗಳವಾರ ಅದೇ ಆಸ್ಪತ್ರೆಯ ನರ್ಸ್ ನೋವಿನ ಮದ್ದು ತರುತ್ತಿದ್ದರು. ಅಮ್ಮನಿಗೆ ತೊಂಬತ್ತೊಂಬತ್ತು ತುಂಬಿದ ವಾರ ಅವರು ಬರಲಿಲ್ಲ. ಎರಡು ದಿನ ಅಮ್ಮ ಹಾಸಿಗೆಯಲ್ಲಿ ಹೊರಳಾಡಿದರು. ನಾನು ಆಸ್ಪತ್ರೆಗೆ ಓಡಿದೆ.

ಕಂಪ್ಯೂಟರ್ ವಿಭಾಗದ ಶ್ವೇತಾ ಪರದೆ ನೋಡಿ ತಲೆ ತಗ್ಗಿಸಿದರು. "ನಿಮ್ಮ ಅಮ್ಮ ತೀರಿಕೊಂಡಿದ್ದಾರೆ ಅಂತ ಉಂಟು ಸರ್."

ನಾನೂ ಬಗ್ಗಿ ನೋಡಿದೆ. ವಯಸ್ಸಿನ ಜಾಗದಲ್ಲಿ ತೊಂಬತ್ತೊಂಬತ್ತು ಎಂದಿತ್ತು. "ತೊಂಬತ್ತೊಂಬತ್ತು ಅಂದರೆ ಸತ್ತ ಹಾಗೆ ಅಂತ ಪ್ರೋಗ್ರಾಂನಲ್ಲಿ ಒಂದು ಸಾಲು ಉಂಟಲ್ಲ, ಅದನ್ನು ತೆಗೆದುಬಿಡಿ" ಎಂದೆ.

"ಹೆದರಿಕೆ ಆಗ್ತದೆ ಸರ್. ಯಾವ ಮಾರಾಯ ಬರೆದದ್ದೋ! ತೆಗೆದರೆ ಮತ್ತೆ ಎಂತೆಲ್ಲ ನಿಲ್ತದೋ."

ಆ ಮಾರಾಯ ನಾನೇ ಎನ್ನಲು ಬಾಯಿ ಬರಲಿಲ್ಲ. ಕೊನೆಗೆ ಅವರು ಅಮ್ಮನ ವಯಸ್ಸನ್ನು ತೊಂಬತ್ತೆಂಟಕ್ಕೆ ಇಳಿಸಿದರು. ಸಂಜೆಯೇ ಮದ್ದು ಬಂತು. ಅಮ್ಮನಿಗೆ ಎಲ್ಲವನ್ನೂ ಹೇಳಿದೆ.

"ಸತ್ತವಳಿಗೆ ಇಷ್ಟು ನೋವು ಉಂಟಾ ಮಗಾ?" ಎಂದರು. "ನಿನ್ನ ಮೆಷಿನನ್ನು ಒಮ್ಮೆ ಕೇಳಿ ಬಾ." ನಾನು ಅಡುಗೆಮನೆಗೆ ಹೋಗಿ ಅತ್ತೆ.

ಎರಡು ತಿಂಗಳಲ್ಲಿ ಅಮ್ಮ ಹೋದರು. ಅದನ್ನು ತಿಳಿಸಲು ಮತ್ತೆ ಆಸ್ಪತ್ರೆಗೆ ಹೋದೆ. ಶ್ವೇತಾ ಅಮ್ಮನ ದಾಖಲೆಯನ್ನು ಪರದೆಯ ಮೇಲೆ ತೆರೆದಿಟ್ಟು, ಫೋನ್ ಬಂತೆಂದು ಪಕ್ಕದ ಕೋಣೆಗೆ ಹೋದರು. "ವಯಸ್ಸಿನ ಜಾಗದಲ್ಲಿ ತೊಂಬತ್ತೊಂಬತ್ತು ಹಾಕಿಬಿಡಿ ಸರ್, ಸಾಕು" ಎಂದು ಅಲ್ಲಿಂದಲೇ ಕೂಗಿದರು.

ಒಂಬತ್ತರ ಕೀಲಿಯನ್ನು ನಾನೇ ಎರಡು ಸಲ ಒತ್ತಿದೆ. ಪ್ರೋಗ್ರಾಂ ಒಂದಿಷ್ಟೂ ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೆ.