ಎಂಟು ಮನೆಯ ವಠಾರ ನೋಡಲು ಹೋದದ್ದು

ಕೆಲವರಿಗೆ ಮನೆ ಕಂಡರೆ ಮನೆ ಮಾತ್ರ ಕಾಣುತ್ತದೆ. ನನಗೆ ಹಾಗಲ್ಲ. ಮುಚ್ಚಿದ ಒಂದು ಬಾಗಿಲು ಕಂಡರೂ ಸಾಕು, ಅದರ ಹಿಂದೆ ಪಡಸಾಲೆ, ಪಡಸಾಲೆಯಲ್ಲಿ ಚಾಪೆ, ಚಾಪೆಯ ಮೇಲೆ ನಾನು, ಇಷ್ಟೂ ಒಟ್ಟಿಗೆ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಇಂಥ ಕಣ್ಣಿರುವವನು ಆಸ್ತಿ ಕೊಳ್ಳಲು ಹೋಗಬಾರದು. ನಾನು ಹೋದೆ. ಅದೂ ಒಂದು ಮನೆಯಲ್ಲ, ಎಂಟು ಮನೆಗಳನ್ನು ಒಂದೇ ಸಲ ಕೊಳ್ಳಲು.

ಆಗ ನಾನು ಗುಂಡ್ಲುಪೇಟೆಯಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನನ್ನ ಹೆಂಡತಿ ಕೆಂಪಮ್ಮನ ತವರು ಚಂದಕವಾಡಿ. ಅವಳಪ್ಪ ಒಂದು ತುಂಡು ಗದ್ದೆ ಮಾರಿದಾಗ ಮಗಳಿಗೆಂದು ಒಂದಷ್ಟು ಹಣ ಕೊಟ್ಟಿದ್ದರು. ಅದೇ ಸಮಯಕ್ಕೆ ಚಾಮರಾಜನಗರದಲ್ಲಿ ರೈಲ್ವೆ ಸ್ಟೇಷನ್ನಿನ ಕಡೆ ಒಂದು ವಠಾರ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಕಟ್ಟಿಸಿದವರು ತೀರಿಕೊಂಡು, ಮಗ ಮೈಸೂರು ಸೇರಿ, ಬಹಳ ವರ್ಷಗಳಿಂದ ಒಂದು ಹೆಂಚನ್ನೂ ಬದಲಿಸದೆ ಬಿಟ್ಟಿದ್ದ ವಠಾರ. ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳಲು ಮಗ ಕಾಯುತ್ತಿದ್ದ. ನಾನು ಕಾಗದ ಬರೆದೆ. ತನಗೆ ಇಷ್ಟು ಬಂದರೆ ಸಾಕು ಎಂದು ಅವನು ಉತ್ತರ ಬರೆದ.

ಆ ವಾರ ಮಕ್ಕಳಿಗೆ ನದಿಗಳ ಪಾಠ. ಬಾಯಿ ಕಾವೇರಿ ಎನ್ನುತ್ತಿತ್ತು, ಮನಸ್ಸು ಎಂಟು ಬಾಗಿಲುಗಳಿಗೆ ಹಸಿರು ಬಣ್ಣ ಬಳಿಯುತ್ತಿತ್ತು. ಕಾವೇರಿ ಸಮುದ್ರ ಸೇರುವ ಹೊತ್ತಿಗೆ ನಾನು ನಿವೃತ್ತನಾಗಿ, ವಠಾರದ ಅಂಗಳದಲ್ಲಿ ಆರಾಮಕುರ್ಚಿ ಹಾಕಿಕೊಂಡು, ಬಾಡಿಗೆದಾರರ ನಮಸ್ಕಾರಗಳಿಗೆ ತಲೆಯಾಡಿಸುತ್ತಿದ್ದೆ. ಮಕ್ಕಳು ನನ್ನ ತಲೆಯಾಟ ನೋಡಿ ಸರಿ ಉತ್ತರ ಹೇಳಿದೆವೆಂದುಕೊಂಡು ಕುಳಿತುಬಿಟ್ಟರು.

ಕೆಂಪಮ್ಮ ಮಾತ್ರ ಕುಳಿತುಬಿಡುವ ಪೈಕಿಯಲ್ಲ. "ಗ್ವಾಡೆ ನೋಡಕ್ಕೆ ನಿಮ್ಮೊಬ್ಬರನ್ನೇ ಕಳ್ಸಕ್ಕಾಗಲ್ಲ. ಹಂಗಳದ ಸಿದ್ದಪ್ಪನ್ನೂ ಕರ್ಕೊಂಡೋಗಿ. ಅವ ಬ್ಯಾಡ ಅಂದ್ರೆ ಬ್ಯಾಡ," ಎಂದಳು. ಸಿದ್ದಪ್ಪ ಗಾರೆ ಕೆಲಸದವನು. ನಮ್ಮ ಕಡೆ ಅರ್ಧ ಮನೆಗಳನ್ನು ಕಟ್ಟಿದವನು, ಉಳಿದರ್ಧವನ್ನು ರಿಪೇರಿ ಮಾಡಿದವನು. ಮಾತು ಕಡಿಮೆ. ತೆರಕಣಾಂಬಿ ದಾಟಿದ ಮೇಲೆ, ಕಿಟಕಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಬಸ್ಸಿನಲ್ಲಿ ಕೇಳಿದೆ. "ಕಿಟಕಿ ಅವೇನೋ ನೋಡನ ಬುಡಿ ಮೇಷ್ಟ್ರೇ," ಎಂದು ಅವನು ನಿದ್ದೆ ಹೋದ.

ನಮ್ಮ ಉದ್ದೇಶ ಗೊತ್ತಾದರೆ ವಠಾರದವರು ಒಳಗೆ ಬಿಡಲಾರರೆಂದು, ಬಾಡಿಗೆಗೆ ಮನೆ ಹುಡುಕುವವರಂತೆ ಹೋಗುವುದೆಂದು ನಾನು ಉಪಾಯ ಮಾಡಿದ್ದೆ. ವಠಾರ ಸೇರಿದಾಗ ಮಧ್ಯಾಹ್ನ. ಆಚೆ ನಾಲ್ಕು ಮನೆ, ಈಚೆ ನಾಲ್ಕು ಮನೆ, ನಡುವೆ ಅಂಗಳ, ಅಂಗಳದಲ್ಲಿ ಸೇದುವ ಬಾವಿ. ಮೊದಲ ಮನೆಯ ಜಗಲಿಯ ಮೇಲೆ ಪುಟ್ಟತಾಯಮ್ಮ ಎಂಬ ವಯಸ್ಸಾದ ಹೆಂಗಸು ಮಾರಲು ಹೂವು ಕಟ್ಟುತ್ತಿದ್ದರು. "ಇಲ್ಲಿ ಯಾವ ಮನೇನೂ ಖಾಲಿ ಇಲ್ಲ ಕಣಪ್ಪ. ಬಿಸ್ಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡ್ಕೊಂಡೋಗಿ," ಎಂದು ಒಳಗೆ ಕರೆದರು.

ಒಳಗೆ ಹೋದವನು ನಿಂತುಬಿಟ್ಟೆ. ಮಾಡಿನ ಸಂದುಗಳಿಂದ ಬಿಸಿಲು ಬಿಲ್ಲೆಬಿಲ್ಲೆಯಾಗಿ ನೆಲದ ಮೇಲೆ ಬಿದ್ದಿತ್ತು. ಹೊರಗೆ ಬಾವಿಯ ಗಾಲಿ ಕಿರುಗುಟ್ಟುತ್ತಿತ್ತು, ಯಾರೋ ಮಗುವನ್ನು ತೂಗುತ್ತಿದ್ದರು, ಮಲ್ಲಿಗೆಯ ವಾಸನೆ ಬೇರೆ. ಇಂಥ ಬೆಳಕಿಗೆ ಎಷ್ಟು ಕೊಟ್ಟರೂ ಕಡಿಮೆಯೇ ಎನ್ನಿಸಿತು. ಸಿದ್ದಪ್ಪನಿಗೆ ತೋರಿಸಿದೆ. "ಊ ಕಣಿ, ಮಳೆನೂವೆ ಅಲ್ಲಿಂದ್ಲೇ ಬರದು," ಎಂದು ಅವನು ಛತ್ರಿಯ ತುದಿಯಿಂದ ತೊಲೆ ಚುಚ್ಚಿದ. ಒಂದು ಹಿಡಿ ಗೆದ್ದಲು ಮಣ್ಣು ನನ್ನ ಹೆಗಲ ಮೇಲೆ ಉದುರಿತು.

ಪುಟ್ಟತಾಯಮ್ಮ ಅದನ್ನೇ ನೋಡುತ್ತಿದ್ದರು. "ಬಾಡ್ಗೆಗೆ ಬರೋರು ತೊಲೆ ಚುಚ್ಚಿ ನೋಡಕ್ಕಿಲ್ಲ. ನೀವು ಮನೆ ತಕ್ಕಳಕ್ಕೆ ಬಂದೋರು," ಎಂದರು. ಬಾಯಿ ತುಂಬ ಮಜ್ಜಿಗೆ ಇದ್ದದ್ದರಿಂದ ಸುಳ್ಳು ಹೇಳಲಾಗದೆ ತಲೆಯಾಡಿಸಿದೆ.

ಅಷ್ಟರಲ್ಲಿ ಉಳಿದ ಬಾಗಿಲುಗಳಿಂದಲೂ ಜನ ಬಂದು ನಿಂತರು. ಅವರಲ್ಲಿ ಟೈಲರ್ ರಾಚಪ್ಪ ಎಂಬುವನು, ಮಂಡಿಯ ಸಾಹುಕಾರನೊಬ್ಬ ಹಿಂದಿನ ವಾರ ಬಂದು ಹೋದದ್ದನ್ನು ಹೇಳಿದ. ಅವನಿಗೆ ಮನೆ ಬೇಡವಂತೆ, ಜಾಗ ಬೇಕಂತೆ. ಎಲ್ಲವನ್ನೂ ಕೆಡವಿ ಉಗ್ರಾಣ ಕಟ್ಟುತ್ತಾನಂತೆ. "ನೀವು ತಕ್ಕಂಡ್ರೆ ನಮ್ಮನ್ನ ಏನ್ ಮಾಡೀರಿ?" ಎಂದು ಪುಟ್ಟತಾಯಮ್ಮ ಕೇಳಿದರು.

ನನಗೆ ನಾಚಿಕೆಯಾಯಿತು. ನನ್ನ ಕನಸಿನಲ್ಲಿ ಬಾಡಿಗೆದಾರರಿಗೆ ಕೈಗಳಿದ್ದವು, ನಮಸ್ಕಾರ ಮಾಡಲು. ಮುಖಗಳಿರಲಿಲ್ಲ. ಯಾರನ್ನೂ ಬಿಡಿಸುವುದಿಲ್ಲ ಎಂದೆ. ಬಾಡಿಗೆ ಎಂದರು, ಅದೂ ಈಗಿನಷ್ಟೇ ಎಂದೆ. ಸೋರುವ ಮಾಡು ಎಂದರು, ಸರಿಮಾಡಿಸೋಣ ಎಂದೆ. ಬಾವಿಗೆ ಹೊಸ ಗಾಲಿಯನ್ನೂ ಒಪ್ಪಿಕೊಳ್ಳುವಷ್ಟರಲ್ಲಿ ಸಿದ್ದಪ್ಪ ನನ್ನ ತೋಳು ಹಿಡಿದ.

"ನೋಡಿ ಮೇಷ್ಟ್ರೇ," ಎಂದು ಅವನು ಎಲ್ಲರ ಮುಂದೆಯೇ ಹೇಳಿದ, "ಗ್ವಾಡೆ ಗಟ್ಟಿ ಅವೆ, ಮಣ್ಣ ಚೆನ್ನಾಗಿ ತುಳ್ದು ಕಟ್ಟವ್ರೆ. ತೊಲೆ ಆರು ಓಗವೆ. ಅವ್ನ ಬದ್ಲಾಯ್ಸಿ, ಹೆಂಚು ಕೈಯಾಡಿಸ್ಬುಟ್ರೆ ನಮ್ಮ ಕಾಲಕ್ಕೆ ಮೋಸ ಇಲ್ಲ. ಆದ್ರೆ ನೀವು ಹೇಳೋ ಬಾಡ್ಗೆಗೆ ತಕ್ಕಂಡೋನಿಗೆ ಏನೂ ಉಳಿಯಕ್ಕಿಲ್ಲ. ಒಳಗಿರೋರಿಗೆ ಮಾತ್ರ ಲಾಭ."

ರಾಚಪ್ಪ ಮೆಲ್ಲಗೆ, ಮಾಲೀಕ ಎಷ್ಟಕ್ಕೆ ಕೊಡುತ್ತಾನೆ ಎಂದು ಕೇಳಿದ. ಜಾಣನಾದವನು ಹೇಳುತ್ತಿರಲಿಲ್ಲ. ನಾನು ಜೇಬಿನಿಂದ ಮಾಲೀಕನ ಕಾಗದ ತೆಗೆದು, ಪಾಠದಂತೆ ಗಟ್ಟಿಯಾಗಿ ಓದಿದೆ.

ಊರಿಗೆ ಮರಳಿ ಮೂರು ವಾರ ಯೋಚಿಸಿದೆ. ಯೋಚಿಸಿದೆ ಎಂದರೆ ನೆಲದ ಮೇಲಿನ ಆ ಬಿಸಿಲನ್ನು ನೆನೆದುಕೊಂಡೆ. ಕೊನೆಗೆ, ನಷ್ಟವಾದರೂ ಆಗಲಿ, ಆ ಜನ ಅಲ್ಲೇ ಉಳಿಯಲಿ ಎಂದು ಕೆಂಪಮ್ಮನನ್ನು ಒಪ್ಪಿಸಿ ಕಾಗದ ಬರೆದೆ. ವಠಾರ ಆಗಲೇ ಮಾರಾಟವಾಗಿದೆ ಎಂದು ಉತ್ತರ ಬಂತು. ಎಂಟು ಮನೆಯವರೂ ಸೇರಿ ಕೊಂಡಿದ್ದರು. ಪುಟ್ಟತಾಯಮ್ಮ ಕಿವಿಯ ಓಲೆ ಕೊಟ್ಟಿದ್ದರು, ರಾಚಪ್ಪ ಎರಡು ಮಿಷನ್ನುಗಳಲ್ಲಿ ಒಂದನ್ನು ಮಾರಿದ್ದ. ತೊಲೆ ಬದಲಿಸುವ ಕೆಲಸ ಸಿದ್ದಪ್ಪನಿಗೇ ಸಿಕ್ಕಿತ್ತು. "ಸದ್ಯ, ಒಳ್ಳೇದಾಯ್ತು ಬುಡಿ," ಎಂದು ಕೆಂಪಮ್ಮ ಬಹಳ ದಿನದ ಮೇಲೆ ನಕ್ಕಳು.

ಮುಂದಿನ ವರ್ಷ ನನಗೆ ಚಾಮರಾಜನಗರಕ್ಕೇ ವರ್ಗವಾಯಿತು. ರಾಚಪ್ಪ ಪೇಟೆಬೀದಿಯಲ್ಲಿ ಅಂಗಡಿ ಇಟ್ಟು ಅದರ ಹಿಂದೆಯೇ ವಾಸಕ್ಕೆ ಹೋಗಿದ್ದ. ವಠಾರದ ತನ್ನ ಮನೆಯನ್ನು ನಮಗೇ ಬಾಡಿಗೆಗೆ ಕೊಟ್ಟ. ಬಾಡಿಗೆ ಕೊಡುವುದು ಒಬ್ಬನಿಗಾದರೂ ಮಾಲೀಕರು ಎಂಟು ಜನ. ಕೆಂಪಮ್ಮ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯಿರಿ ಎಂದಳು. ಸುತ್ತಿಗೆಯ ಮೊದಲ ಪೆಟ್ಟಿಗೇ ಅಷ್ಟೂ ಮನೆಯವರು ಬಾಗಿಲಿಗೆ ಬಂದು, ತಮ್ಮ ಗೋಡೆಗೆ ಮೊಳೆ ಹೊಡೆಯಕೂಡದೆಂದು ಬಹಳ ಮರ್ಯಾದೆಯಿಂದ ಹೇಳಿದರು. ಹೀಗಾಗಿ ನಮ್ಮ ಕ್ಯಾಲೆಂಡರ್ ಚಾಪೆಯ ಪಕ್ಕದಲ್ಲಿ ನೆಲದ ಮೇಲೇ ಇದೆ. ಇವತ್ತು ಯಾವ ತಾರೀಖು ಎಂದು ನೋಡಬೇಕಾದರೆ ನಾನೂ ಅದರ ಪಕ್ಕ ಮಲಗಬೇಕು. ಮಲಗಿದ ಮೇಲೆ ತಾರೀಖು ನೋಡಿ ಎದ್ದದ್ದು ಇದುವರೆಗೂ ಒಂದು ಸಲವೂ ಇಲ್ಲ.