ಅಕ್ಕಿ ಮಿಲ್ಲಿನ ಪಾಲಿಗೆ ಬಂದ ಬ್ಯಾಕ್ಟೀರಿಯಾ

ಕಾಲೇಜಿನವರನ್ನೂ ಮಂಡಿ ವ್ಯಾಪಾರಿಗಳನ್ನೂ ಸರ್ಕಾರ ಒಟ್ಟಿಗೆ ಗಂಟು ಹಾಕಿದರೆ ಇಂಥವು ನಡೆದೇ ನಡೆಯುತ್ತವೆ. ದಾವಣಗೆರೆ ಆಗತಾನೇ ಜಿಲ್ಲೆಯಾಗಿತ್ತು. ನಾನು ಅಲ್ಲಿನ ಸ್ನಾತಕೋತ್ತರ ಕೇಂದ್ರದಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ತಾತ್ಕಾಲಿಕ ಮೇಷ್ಟ್ರು. ಕುಸುಬಲಕ್ಕಿ ಮಿಲ್ಲಿನಲ್ಲಿ ಭತ್ತ ನೆನೆಹಾಕಿ ಹೊರಬಿಡುವ ನೀರು ಮೂಗು ಮುಚ್ಚಿಕೊಳ್ಳುವ ಹಾಗೆ ನಾರುತ್ತದೆ. ಅದನ್ನು ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡಿಸುವುದು ನನ್ನ ಯೋಜನೆ. ಅರ್ಧ ಖರ್ಚು ದಿಲ್ಲಿಯದು, ಇನ್ನರ್ಧವನ್ನು ಯಾರಾದರೂ ಉದ್ಯಮಿ ಹಾಕಬೇಕು. ಯೋಜನೆ ನಿಂತರೆ ನನ್ನ ಕೆಲಸವೂ ನಿಂತಂತೆ.

ಮಾಲು ನೋಡಿದ್ದು

ಮಂಡಿಪೇಟೆಯಲ್ಲಿ ಅಂಗಡಿ, ಹರಿಹರದಲ್ಲಿ ಅಕ್ಕಿ ಮಿಲ್ಲು ಇದ್ದ ಸಾಹುಕಾರರೊಬ್ಬರು ಸಿಕ್ಕಿದರು. ಬ್ಯಾಕ್ಟೀರಿಯಾ ಬೆಳೆಸಿದ ಸೀಸೆಯನ್ನು ಅವರ ಮುಂದಿಟ್ಟು ವಿವರಿಸತೊಡಗಿದೆ. ಮಂಡಿಯಲ್ಲಿ ಅಕ್ಕಿಯಾಗಲಿ ಬೇಳೆಯಾಗಲಿ, ಮಾದರಿ ಬಂದರೆ ಅಂಗೈಗೆ ಸುರಿದು, ಮೂಸಿ, ಬಾಯಿಗೆ ಹಾಕಿ ನೋಡುವುದು ವಾಡಿಕೆ. ಗೋಡೆಗೆ ನಕ್ಷೆ ತೂಗುಹಾಕಿ ಈ ಕಡೆ ತಿರುಗುವಷ್ಟರಲ್ಲಿ ಸಾಹುಕಾರರು ಅಂಗೈ ನೆಕ್ಕಿ ಮುಗಿಸಿದ್ದರು. ಅದು ಚರಂಡಿ ಕೆಸರಿನಿಂದ ತೆಗೆದದ್ದು ಎಂದು ತೊದಲಿದೆ. ಅವರು ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸಿದರು.

"ಸ್ವಲ್ಪ ಹುಳಿ ಐತೆ. ಹೊಸ ಮಾಲಿದ್ರೆ ತರ್ರಿ, ಮಾತಾಡಾನ."

ಮರುದಿನ ಹೆದರುತ್ತಲೇ ಫೋನ್ ಮಾಡಿದೆ. ಅವರು ಆರಾಮಾಗಿ ಬೆಣ್ಣೆದೋಸೆ ತಿನ್ನುತ್ತಿದ್ದರು. ಹೊಟ್ಟೆ ಕೆಟ್ಟಿದ್ದು ನನ್ನದು.

ಶ್ರಾವಣ ಸೋಮವಾರ

ಅಂತೂ ಸಾಹುಕಾರರು ಒಪ್ಪಿ ಮಿಲ್ಲಿನ ಹಿಂದೆ ತೊಟ್ಟಿ ಕಟ್ಟಿಸಿದರು. ಬ್ಯಾಕ್ಟೀರಿಯಾಗಳು ಬಲಿಯುವವರೆಗೆ ದಿನಾ ಬೆಲ್ಲದ ನೀರು ಹಾಕಿ ಎಂದು ಮಿಲ್ಲಿನ ಗುಮಾಸ್ತರಿಗೆ ಹೇಳಿದ್ದೆ. ಒಂದು ಸೋಮವಾರ ಸಂಜೆ ಹೋಗಿ ನೋಡಿದರೆ ಬೆಲ್ಲ ಮುಟ್ಟಿದವರೇ ಇಲ್ಲ. ಹೀಗೆ ಉಪವಾಸ ಕೆಡವಿದರೆ ಎಲ್ಲ ಸತ್ತುಹೋಗುತ್ತವೆ ಎಂದು ಕೂಗಾಡಿದೆ. ಗುಮಾಸ್ತರು ವಿಭೂತಿ ಹಚ್ಚಿದ ಹಣೆ ಒರೆಸಿಕೊಂಡು ನನ್ನನ್ನೇ ಅಚ್ಚರಿಯಿಂದ ನೋಡಿದರು.

"ಶ್ರಾವಣ ಸೋಮವಾರ ಐತಲ್ರಿ. ಸಾಹುಕಾರರಿಂದ ಹಿಡಿದು ಯಾರೂ ಉಂಡಿಲ್ಲ. ಅವುಕ್ಕೆ ಮಾತ್ರ ಹೆಂಗ್ ಹಾಕಾದು?"

ನನ್ನ ಮುಖ ನೋಡಿ ಅವರಿಗೇ ಕನಿಕರ ಹುಟ್ಟಿರಬೇಕು. ತೀರಾ ನಿರಾಹಾರ ಇಟ್ಟಿಲ್ಲ, ಫಲಾಹಾರಕ್ಕೆ ಬಾಳೆಹಣ್ಣು ಬಿಟ್ಟಿದ್ದೇನೆ ಎಂದು ಸಮಾಧಾನ ಹೇಳಿದರು. ಬಗ್ಗಿ ನೋಡಿದೆ. ಸಿಪ್ಪೆ ಸುಲಿದೇ ಬಿಟ್ಟಿದ್ದರು.

ದಿಲ್ಲಿಯವರು ಬಂದದ್ದು

ಎರಡನೆಯ ಕಂತು ಕೊಡಬೇಕೋ ಬೇಡವೋ ಎಂದು ನೋಡಲು ದಿಲ್ಲಿಯಿಂದ ಸಮಿತಿ ಬಂತು. ದಾವಣಗೆರೆ ಬಿಟ್ಟು ಬಾತಿ ದಾಟುವವರೆಗೂ ಜೀಪಿನಲ್ಲಿ ನನ್ನದು ಒಂದೇ ಮಾತು: ತೊಟ್ಟಿಯ ಕಂದು ನೊರೆ, ಅದರಡಿಯ ಕೆಸರು, ಅದೇ ಈ ಯೋಜನೆಯ ಜೀವಾಳ.

ಹರಿಹರದಲ್ಲಿ ಇಳಿದು ನೋಡಿದರೆ ತೊಟ್ಟಿಯ ಸುತ್ತ ರಂಗೋಲಿ. ಗೋಡೆಗೆಲ್ಲ ಬೆಳ್ಳನೆ ಸುಣ್ಣ, ತಳದಲ್ಲಿ ತಿಳಿನೀರು, ಬ್ಲೀಚಿಂಗ್ ಪೌಡರಿನ ಘಾಟು. ಬ್ಯಾಕ್ಟೀರಿಯಾ ಎಲ್ಲಿ ಎಂದು ಸಮಿತಿಯ ಅಧ್ಯಕ್ಷರು ಕೇಳಿದರು. ಸಾಹುಕಾರರು ಹಾರ ಹಿಡಿದು ಮುಂದೆ ಬಂದು, ದೊಡ್ಡವರು ಬರ್ತಾರೆ ಅಂತ ಒಂದನ್ನೂ ಬಿಡದೆ ತಿಕ್ಕಿ ತೊಳೆಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರು. ಅಧ್ಯಕ್ಷರಿಗೆ ಕನ್ನಡ ಬಾರದ್ದು ನನ್ನ ಪುಣ್ಯ. ಕೆಲಸ ಹೋಯಿತು, ಹೆಂಡತಿಗೆ ಏನು ಹೇಳಲಿ ಎಂದು ಅಲ್ಲೇ ಯೋಚನೆ ಶುರುವಾಯಿತು. ಎಲ್ಲವನ್ನೂ ಸಾಯಿಸಿಬಿಟ್ಟಿರಾ ಎಂದು ಸಾಹುಕಾರರ ಕಿವಿಯಲ್ಲಿ ಕೇಳಿದೆ.

"ಸಾಯ್ಸೋದ್ ಯಾಕ್ರಿ? ಸುಣ್ಣ ಹೊಡೀಬೇಕಾದ್ರೆ ಮನೆ ಸಾಮಾನು ಹೊರಗೆ ಇಡಂಗಿಲ್ಲೇನು?"

ಹಿಂದಿನ ಶೆಡ್ಡಿನಲ್ಲಿ ತೊಟ್ಟಿಯ ಕೆಸರು ತುಂಬಿಸಿಟ್ಟ ಡ್ರಮ್ಮುಗಳ ಸಾಲು, ಎಲ್ಲದರ ಬಾಯಿಯಲ್ಲೂ ನೊರೆ ಬುಸುಗುಡುತ್ತಿತ್ತು. ಅಧ್ಯಕ್ಷರು ಓಡಿಯೇ ಹೋದರು. ಬಗ್ಗಿ ಮೂಸಿದರು, ಫೋಟೋ ತೆಗೆದರು, ಬಹಳ ಚೆನ್ನಾಗಿವೆ ಎಂದು ಕಂತಿಗೆ ಅಲ್ಲೇ ಒಪ್ಪಿದರು. ನನಗೆ ಅಳುವುದೊಂದು ಬಾಕಿ.

ಈಗ ಗರಬಡಿದವರಂತೆ ನಿಂತವರು ಸಾಹುಕಾರರು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಇದನ್ನು ನೋಡಲಿಕ್ಕೇ ಇವರು ವಿಮಾನ ಹತ್ತಿ ಬಂದದ್ದಾ ಎಂದು ಕೇಳಿದರು. ಹೌದೆಂದೆ. ನೊರೆಗೆ ಮೂಗು ತಾಗುವಂತೆ ಬಗ್ಗಿದ್ದ ಅಧ್ಯಕ್ಷರನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಪಾಪ, ಅವರ ಊರಾಗೆ ಚರಂಡಿ ಇಲ್ಲೇನ್ರಿ ಮೇಷ್ಟ್ರೇ?"