ಚುಚ್ಚುವ ಮಾಸ್ಟ್ರ ಹೆಸರಿನ ಪ್ರಶಸ್ತಿ

ನನ್ನ ಅಕ್ಕನನ್ನು ಮದುವೆಗೆ ಕರೆಯುವ ಮೊದಲು ಎರಡು ಸಲ ಯೋಚಿಸಿ! ಉಡುಗೊರೆ ತರುತ್ತಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ವಧೂವರರನ್ನು ಮನಸಾರೆ ಹರಸುತ್ತಾಳೆ. ಎಲ್ಲ ಸರಿ. ಆಮೇಲೆ ಮುದುಕ ಮುದುಕಿಯರನ್ನು ಒಬ್ಬೊಬ್ಬರಾಗಿ ಹಿಡಿದು ತೋಳು ಮೇಲೇರಿಸಲು ಹೇಳುತ್ತಾಳೆ!

ಸಿಡುಬಿನ ಲಸಿಕೆಯ ಗುರುತು ನೋಡಲಿಕ್ಕೆ. ನಮ್ಮ ವಯಸ್ಸಿನವರ ತೋಳಿನಲ್ಲಿ ನಾಲ್ಕಾಣೆಯಷ್ಟು ಅಗಲದ ಕಲೆ ಇರುತ್ತದಲ್ಲ, ಅದೇ. ಬೆಳ್ತಂಗಡಿಯಲ್ಲಿ ಸೈನ್ಸ್ ಟೀಚರಾಗಿ ರಿಟೈರ್ ಆದವಳು ಭಜನೆಯನ್ನೋ ಮಲ್ಲಿಗೆ ಗಿಡವನ್ನೋ ಹಿಡಿದುಕೊಳ್ಳಬಾರದಿತ್ತೇ? ಹಿಡಿದದ್ದು ಜನರ ತೋಳನ್ನು! ಲೇಡೀಸ್ ಯಾರನ್ನೂ ದಿಟ್ಟಿಸಿ ನೋಡಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ಬೆಳೆಸಿದ ನನಗೆ ಅವಳ ಪಕ್ಕ ನಿಲ್ಲುವುದೇ ಎಂಥ ಎಂಬರಾಸ್‌ಮೆಂಟ್!

ಅವಳಿಗೆ ನಿಜವಾಗಿ ಬೇಕಾದದ್ದು ಕಲೆಯಲ್ಲ, ಒಂದು ಹೆಸರು. ನಾವು ಚಿಕ್ಕವರಿದ್ದಾಗ ಬಂಟ್ವಾಳದಿಂದ ಚಾರ್ಮಾಡಿ ಘಾಟಿಯ ಬುಡದವರೆಗೆ ನಡೆದೇ ಹೋಗಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ಸರಕಾರಿ ನೌಕರರೊಬ್ಬರಿದ್ದರು. ಊರವರ ಬಾಯಲ್ಲಿ ಅವರು 'ಚುಚ್ಚುವ ಮಾಸ್ಟ್ರು'. ನಿಜವಾದ ಹೆಸರು? ಯಾರಿಗೂ ಗೊತ್ತಿಲ್ಲ. ಹಳೆಯ ದಫ್ತರಗಳಲ್ಲಿ ಚುಚ್ಚಿಸಿಕೊಂಡವರ ಹೆಸರೆಲ್ಲ ಉಂಟು, ಚುಚ್ಚಿದವರದ್ದು ಕೊಕ್ಕೆಯಂಥ ಒಂದು ಸಹಿ ಮಾತ್ರ.

ಬಂಟ್ವಾಳದ ಒಂದು ಮದುವೆಯಲ್ಲಿ ಅಕ್ಕ ವರನ ಅಜ್ಜಿಯ ತೋಳು ಪರೀಕ್ಷಿಸಿದಾಗ, ಹೆಣ್ಣಿನ ಕಡೆಯವರಿಗೆ ತಮ್ಮ ಮೇಲೆ ಚರ್ಮರೋಗದ ಸಂಶಯ ಎಂದುಕೊಂಡು ಬೀಗರು ಮುಖ ಗಂಟಿಕ್ಕಿ ಊಟಕ್ಕೆ ಕೂತರು. ಅಕ್ಕ ಬಿಡುತ್ತಾಳೆಯೇ? ತನ್ನ ತೋಳನ್ನೇ ತೋರಿಸಿ ಲೆಕ್ಚರ್ ಕೊಟ್ಟಳು. ಪಾಯಸ ಬರುವ ಹೊತ್ತಿಗೆ ಇಡೀ ಪಂಕ್ತಿ ಎಡತೋಳು ಏರಿಸಿಕೊಂಡು ಕೂತಿತ್ತು! ಅಕ್ಕನಿಗೆ ಮಾತ್ರ ಎರಡೂ ತೋಳಿನಲ್ಲಿ ಕಲೆ. ಯಾಕೆ ಎಂದು ಕೇಳಿದರೆ, "ಒಂದು ಸ್ಪೇರ್," ಎನ್ನುವಳು.

ಮಡಂತ್ಯಾರಿನಲ್ಲಂತೂ ನಿವೃತ್ತ ಹೆಡ್ ಮಾಸ್ಟರರೊಬ್ಬರು ನಡುಪೇಟೆಯಲ್ಲೇ ಅಂಗಿ ಬಿಚ್ಚಿಬಿಟ್ಟರು! ಅವರಿಗೆ ಮಾಸ್ಟ್ರ ಕಪ್ಪು ಕೊಡೆ ನೆನಪಿತ್ತು, ಕೊಡೆಯ ಮರದ ಹಿಡಿ ನೆನಪಿತ್ತು, ಅತ್ತ ಮಕ್ಕಳಿಗೆ ಕೊಡುತ್ತಿದ್ದ ಓಲೆಬೆಲ್ಲದ ಚೂರೂ ನೆನಪಿತ್ತು.

"ಹೆಸರು ಎಂತ?" ಅಕ್ಕ ಪೆನ್ನು ತೆಗೆದಳು.

"ಹೆಸರು ಕೇಳಲಿಕ್ಕೆ ಪುರುಸೊತ್ತು ಎಲ್ಲಿ ಟೀಚರೇ? ನಾವು ಓಡ್ಲಿಕ್ಕೆ ನೋಡ್ತಿದ್ದೆವು."

ಹೀಗೆ ಮೂರು ತಾಲೂಕಿನ ತೋಳುಗಳು ಮುಗಿದವು. ಒಂದು ಬೆಳಿಗ್ಗೆ ಅಕ್ಕನ ಫೋನ್. "ನಂಗೆ ಎಂಬತ್ತಾಯಿತು ಮಾರಾಯ್ತಿ. ಇನ್ನು ನನ್ನಿಂದ ಆಗುವುದಿಲ್ಲ. ವೈದ್ಯಕೀಯ ಇತಿಹಾಸದ ರಿಸರ್ಚಿಗೆ ಒಂದು ಪ್ರಶಸ್ತಿ ಇಡ್ತೇನೆ. ಮಕ್ಕಳು ಹುಡುಕ್ಲಿ."

ಮೂಡಬಿದ್ರೆಯ ಕಾಲೇಜೊಂದು ಸಂತೋಷದಿಂದ ಒಪ್ಪಿತು. ಆದರೆ ಪ್ರಶಸ್ತಿಗೊಂದು ಹೆಸರು ಬೇಡವೇ?

"ನಿಮ್ಮದೇ ಇಡುವ ಟೀಚರ್," ಎಂದರು ಪ್ರಿನ್ಸಿಪಾಲರು.

"ನಾನು ಯಾರಿಗೆ ಚುಚ್ಚಿದ್ದು?"

"ಹಾಗಾದರೆ ನಿಮ್ಮ ಯಜಮಾನರದ್ದು?"

"ಅವರಿಗೆ ಸೂಜಿ ಕಂಡರೆ ತಲೆ ತಿರುಗ್ತಿತ್ತು."

ಕೊನೆಗೆ ಫಲಕದಲ್ಲಿ ಹೆಸರಿನ ಜಾಗಕ್ಕೆ ಬರೇ ಒಂದು ಗೆರೆ! ಮಾಸ್ಟ್ರ ಹೆಸರು ಸಿಕ್ಕಿದಾಗ ಬರೆಯುವ ಎಂದಳು ಅಕ್ಕ. ಇಂಥ ಪ್ರಶಸ್ತಿ ಲೋಕದಲ್ಲಿ ಇನ್ನೆಲ್ಲಾದರೂ ಉಂಟೇ, ನೀವೇ ಹೇಳಿ!

ಕಳೆದ ತಿಂಗಳು ಮೊದಲ ಪ್ರಶಸ್ತಿ. ಗೆದ್ದವಳು ಮಿಜಾರಿನ ಒಬ್ಬ ಹುಡುಗಿ. ತನ್ನ ಊರಿನ ಹಳೆಯ ಸೂಲಗಿತ್ತಿಯರನ್ನೆಲ್ಲ ಹೆಸರು ಹಿಡಿದು ದಾಖಲಿಸಿದ್ದಳು. ನಾನು ಫ್ರಂಟ್ ರೋದಲ್ಲಿ ರೇಷ್ಮೆ ಸೀರೆ ಉಟ್ಟು ಡಿಗ್ನಿಫೈಡ್ ಆಗಿ ಕೂತಿದ್ದೆ. ಫಲಕ ಕೈಗೆ ಬಂದಾಗ ಆ ಹುಡುಗಿ ಗೆರೆಯನ್ನು ನೋಡಿ, ಆ ಮಾಸ್ಟ್ರ ಹೆಸರೇ ಯಾಕೆ ಬೇಕು ಮೇಡಂ ಎಂದು ಕೇಳಿದಳು.

ಅಕ್ಕ ಮೈಕ್ ಹಿಡಿದುಕೊಂಡಳು. ನಾವು ಚಿಕ್ಕವರಿದ್ದಾಗಿನ ಕತೆ, ಅವಳಿಗೆ ಎಂಟು ವರ್ಷ, ನನಗೆ ಐದು. ಮಾಸ್ಟ್ರು ಬಂದ ದಿನ ನಾನು ಹೆದರಿ ಊರೆಲ್ಲ ಕೇಳುವಂತೆ ಅತ್ತಿದ್ದೆನಂತೆ. ಅಕ್ಕ ನನ್ನ ಮೇಲೆ ಒಂದು ದೊಡ್ಡ ಬುಟ್ಟಿ ಕವುಚಿ ಹಾಕಿ, ತಲೆಗೆ ಮೈ ಒರೆಸುವ ಬೈರಾಸು ಸುತ್ತಿ, ಸಾಲಿನಲ್ಲಿ ಎರಡನೇ ಸಲ ನಿಂತು, ನನ್ನ ಹೆಸರು ಹೇಳಿ ಬಲತೋಳು ಕೊಟ್ಟಳಂತೆ! ಚುಚ್ಚಿದ ಎಂಟನೇ ದಿನ ಕಲೆ ಎದ್ದಿದೆಯೇ ಎಂದು ನೋಡಲು ಮಾಸ್ಟ್ರು ಮನೆಮನೆಗೆ ಬರುವುದು ಪದ್ಧತಿ. ನೋಡಿದರೆ ನನ್ನ ತೋಳು ಸ್ವಚ್ಛ, ಅಕ್ಕನ ಎರಡೂ ತೋಳು ಊದಿಕೊಂಡಿವೆ. ಜಗಲಿಯಲ್ಲಿ ಬೆತ್ತದ ಹತ್ತಿರವೇ ಅಪ್ಪ.

"ಮಾಸ್ಟ್ರು ನನ್ನ ಮುಖ ನೋಡಿದ್ರು," ಎಂದಳು ಅಕ್ಕ. "ಅಪ್ಪನಿಗೆ ಒಂದು ಶಬ್ದ ಹೇಳ್ಲಿಲ್ಲ. ತಂಗಿಯನ್ನು ಮಡಿಲಲ್ಲಿ ಕೂರಿಸಿ ಚುಚ್ಚಿದ್ರು. ಮತ್ತೆ ಎಂಟು ದಿನ ಬಿಟ್ಟು, ಅವಳೊಬ್ಬಳಿಗಾಗಿ ಹೊಳೆ ದಾಟಿ ಬಂದ್ರು. ಆ ಬೇಸಿಗೆಯಲ್ಲೇ ಊರಿಗೆ ಸಿಡುಬು ಬಂತು. ನೆರೆಮನೆಯ ಮಕ್ಕಳು ಉಳಿಯಲಿಲ್ಲ. ನಮ್ಮ ಮನೆಗೆ ಏನೂ ಆಗ್ಲಿಲ್ಲ. ನಾನು ಅವರ ಹೆಸರೂ ಕೇಳ್ಲಿಲ್ಲ."

ಎಪ್ಪತ್ತು ವರ್ಷ! ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮಾಸ್ಟ್ರು ಹೇಳದೆ ಉಳಿಸಿದ್ದನ್ನು ತಾನು ಹೇಳುವುದು ಹೇಗೆ ಎಂದುಕೊಂಡಳೋ ಏನೋ.

ಆ ಹುಡುಗಿ ಮೆಲ್ಲನೆ ಅಕ್ಕನ ಕಲೆ ನೋಡಬಹುದೇ ಎಂದಳು. ಮೂರು ತಾಲೂಕಿನ ತೋಳು ಏರಿಸಿದವಳು ತನ್ನ ಸೆರಗು ಸರಿಮಾಡಿಕೊಂಡು ನನ್ನ ಕಡೆ ಬೆರಳು ತೋರಿಸಿದಳು.

"ನನ್ನದು ಎಂತ ನೋಡ್ಲಿಕ್ಕುಂಟು? ಅವಳದ್ದು ನೋಡು."

ನಾನು ಸ್ಟೇಜ್ ಹತ್ತಿದೆ. ತುಂಬಿದ ಹಾಲ್‌ನ ಮುಂದೆ, ಮ್ಯಾನರ್ಸ್ ಎಲ್ಲ ಮರೆತು, ರೇಷ್ಮೆ ರವಿಕೆಯ ತೋಳನ್ನು ಮೇಲೇರಿಸಿದೆ. ಅಕ್ಕ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಮೆಲ್ಲ ಒತ್ತಿ ನೋಡಿದಳು, ಸರಿಯಾಗಿ ಎದ್ದಿದೆಯೇ ಎಂದು.